ಬಚ್ಚಲ ಅಟ್ಟದಲ್ಲಿ ಒಣಗಿದ ಹಲಗೆ: ಕ್ಯೊಕ್‌ಪಾ ಪ್ರದರ್ಶನದ ನನ್ನ ಅನುಭವ

ಕಳೆದ ನವೆಂಬರ್ 1ರ ಸಂಜೆ ನಮ್ಮ ಊರಿನ ರಾಜ್ಯೋತ್ಸವದ ವೇದಿಕೆಯಲ್ಲಿ ನನ್ನ ತೇಕ್ವಾಂಡೊ ಶಿಷ್ಯರು ಎದುರಿಸಿದ 64 ಹಲಗೆಗಳಲ್ಲಿ 61 ಮೊದಲ ಏಟಿಗೇ ಮುರಿದವು. ಎಲ್ಲವೂ ಸಿಲ್ವರ್ ಓಕ್, ತೀರ್ಥಹಳ್ಳಿ ಕಡೆಯ ಮರ. ಪೈನ್ ಇಲ್ಲದೆ ಕ್ಯೊಕ್‌ಪಾ (ಕೈಕಾಲಿನ ಏಟಿಗೆ ಹಲಗೆ ಮುರಿಯುವುದು) ಆಗುವುದಿಲ್ಲ, ಮಲೆನಾಡಿನ ಹಸಿ ಮರ ಮಕ್ಕಳ ಕೈಕಾಲು ಮುರಿಯುತ್ತದೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದವರಲ್ಲಿ ಇಬ್ಬರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅವರಲ್ಲೊಬ್ಬರು ಬಂದು ಒಂದು ಚೂರನ್ನು ಕೈಯಲ್ಲಿ ತಿರುಗಿಸಿ ನೋಡಿ, "ಮಾಸ್ಟರ್, ಇದನ್ನು ಎಲ್ಲಿ ಒಣಗಿಸಿದಿರಿ?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಹಲಗೆ ಹಿಡಿಯುವ ರೀತಿ, ಪಾದದ ಯಾವ ಭಾಗ ತಾಗಬೇಕು ಎಂಬುದನ್ನೆಲ್ಲ ಇಲ್ಲಿ ಹೇಳುತ್ತಿಲ್ಲ.

ಮೊದಲ ವರ್ಷ ನಾನೂ ಪೈನ್ ಹಿಂದೆಯೇ ಹೋಗಿದ್ದೆ. ಬೆಂಗಳೂರಿನಿಂದ ಯಂತ್ರಗಳ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ತರಿಸಿದೆ. ಸಾಗಣೆ ಸೇರಿ ಸುಮಾರು ಆರು ಸಾವಿರ ರೂಪಾಯಿ ಆಯಿತು. ಅಗಲ ನಾಲ್ಕು ಅಂಗುಲ ಮಾತ್ರ, ಅದೂ ಮೊಳೆಯ ತೂತುಗಳೊಂದಿಗೆ. ಮೂರು ಮೂರು ಪಟ್ಟಿಗಳನ್ನು ಅಂಟಿಸಿ 12 ಅಂಗುಲ ಮಾಡಿದೆ. ಒದ್ದಾಗಲೆಲ್ಲ ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡಿತು. ಅದು ಮುರಿದದ್ದಲ್ಲ, ಬಿಚ್ಚಿಕೊಂಡದ್ದು. ನೋಡುವವರಿಗೆ ಅದು ತಕ್ಷಣ ತಿಳಿಯುತ್ತದೆ.

ಎರಡನೇ ವರ್ಷ ಸಾಮಿಲ್‌ನಿಂದ ಸಿಲ್ವರ್ ಓಕ್ ಕೊಯ್ಯಿಸಿ, ಹತ್ತು ದಿನ ಜಗುಲಿಯಲ್ಲಿ ಒರಗಿಸಿಟ್ಟು, ಹಾಗೆಯೇ ವೇದಿಕೆಗೆ ಒಯ್ದೆ. ಅಕ್ಟೋಬರ್ ಕೊನೆಯವರೆಗೂ ಮಳೆ ಬಿಟ್ಟಿರಲಿಲ್ಲ. ಇಪ್ಪತ್ತು ಹಲಗೆಗಳಲ್ಲಿ ಮುರಿದದ್ದು ಒಂಬತ್ತು. ಹಸಿ ಮರ ಬಾಗುತ್ತದೆ, ಏಟನ್ನು ನುಂಗುತ್ತದೆ, ಆಮೇಲೆ ಕಾಲಿಗೇ ಹಿಂದಿರುಗಿಸುತ್ತದೆ. ಕೆಂಪು ಪಟ್ಟಿಯ ಹದಿನಾಲ್ಕು ವರ್ಷದ ಹುಡುಗನೊಬ್ಬನ ಹಿಮ್ಮಡಿ ಊದಿಕೊಂಡಿತು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ಐದು ಮಕ್ಕಳನ್ನು ಪೋಷಕರು ತರಗತಿ ಬಿಡಿಸಿದರು. ತಿಂಗಳಿಗೆ ಮೂರೂವರೆ ಸಾವಿರದಷ್ಟು ಶುಲ್ಕ ಹೋಯಿತು. ಸಣ್ಣ ದೋಜಾಂಗ್ (ತರಬೇತಿ ಶಾಲೆ) ನಡೆಸುವವರಿಗೆ ಅದು ಬಾಡಿಗೆಯ ಅರ್ಧ.

ಮೂರನೇ ಸಲ ದಾರಿ ಸಿಕ್ಕಿದ್ದು ಮನೆಯಲ್ಲೇ. ನಮ್ಮ ಬಚ್ಚಲಿನಲ್ಲಿ ಇಂದಿಗೂ ಹಂಡೆ ಒಲೆ ಇದೆ, ಅದರ ಮೇಲೆ ಅಟ್ಟ. ಮಳೆಗಾಲದಲ್ಲಿ ಅಮ್ಮ ಅಲ್ಲಿ ಸೌದೆ, ಸೀಗೆಕಾಯಿ ಒಣಗಿಸುತ್ತಾರೆ. ಸೆಪ್ಟೆಂಬರ್ ಕೊನೆಯಲ್ಲಿ 90 ಹಲಗೆ ಕೊಯ್ಯಿಸಿದೆ. ಮರದ ಎಳೆಗೆ ಅಡ್ಡಲಾಗಿ 12 ಅಂಗುಲ, ಎಳೆಯುದ್ದಕ್ಕೆ 10, ದಪ್ಪ 15 ಮಿಲಿಮೀಟರ್. ಗಂಟು ಇರುವುದನ್ನೂ ಎಳೆ ಓರೆಯಾಗಿ ಓಡಿರುವುದನ್ನೂ ತೆಗೆದುಹಾಕಿದಾಗ ಎಪ್ಪತ್ತು ಉಳಿದವು. ನಡುವೆ ರೀಪು ಇಟ್ಟು ಪೇರಿಸಿ, ಮೇಲೆ ಕಲ್ಲು ಹೇರಿದೆ. ಕಲ್ಲಿಲ್ಲದಿದ್ದರೆ ಹಲಗೆ ಡೊಂಕಾಗುತ್ತದೆ. ಮೂರು ದಿನಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಮೊದಲ ದಿನ 950 ಗ್ರಾಂ ಆಸುಪಾಸು ಇದ್ದದ್ದು ಹದಿನೆಂಟು, ಇಪ್ಪತ್ತು ದಿನಕ್ಕೆ 680ಕ್ಕೆ ಇಳಿಯಿತು. ಆಗ ಇಳಿಸಿಬಿಡಬೇಕು. ಹೊಗೆಯ ಪಕ್ಕದಲ್ಲೇ ಇದ್ದ ನಾಲ್ಕು ಹಲಗೆಗಳು ಇನ್ನೂ ಹಗುರಾಗಿದ್ದವು. ಅಭ್ಯಾಸದ ವೇಳೆ ಹಿಡಿದವರ ಬೆರಳಿನ ಒತ್ತಡಕ್ಕೇ ಚಟ್ಟೆಂದು ಸೀಳಿದವು. ಅಂಥ ಹಲಗೆಯನ್ನು ವೇದಿಕೆಗೆ ಒಯ್ಯುವುದು ಮೋಸ, ನಾನು ಒಯ್ಯುವುದಿಲ್ಲ.

ಅಟ್ಟದಿಂದ ಇಳಿಸಿ ವೇದಿಕೆಗೆ ಹೋಗುವ ತನಕ ಹಲಗೆಯನ್ನು ಎಲ್ಲಿ, ಹೇಗೆ ಇಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ಮಳೆಗಾಲ ಹಿಡಿಯಿತು.

ಇನ್ನು ಕ್ಯೊಕ್‌ಪಾಗೆ ಮೊದಲು ಬರುವ ಆಯುಧದ ವರಸೆ. ತೇಕ್ವಾಂಡೊದ ಕೇಂದ್ರ ಸಂಸ್ಥೆಯಾದ ಕುಕ್ಕಿವೊನ್‌ನ ತೆಗುಕ್ 1ರಿಂದ ಇಲ್ಯೊವರೆಗಿನ ಹದಿನೇಳು ಪೂಮ್ಸೆಗಳಲ್ಲಿ (ನಿಗದಿತ ವರಸೆಗಳಲ್ಲಿ) ಆಯುಧವಿಲ್ಲ. ನಾನು ಬೊಂಗ್ (ಉದ್ದ ಕೋಲು) ಕಲಿತದ್ದು ಹಾಪ್ಕಿಡೊ ಎಂಬ ಇನ್ನೊಂದು ಕೊರಿಯನ್ ಕಲೆಯ ಕಡೆಯಿಂದ. ಆರಡಿಯ ಬೊಂಗ್ ಹತ್ತು ಮಂದಿಗೆ ಬೇಕಿತ್ತು. ದುಡ್ಡು ಉಳಿಸಲು ಅಡಿಕೆ ದಬ್ಬೆಯಿಂದ ಮಾಡಿಸಿದೆ. ನೋಡಲು ಚೆಂದ, ತೂಕವೂ ಸರಿ. ಎರಡನೇ ವಾರಕ್ಕೆ ನಾರು ಎದ್ದು ಅಂಗೈಗೆ ಸಿಬಿರು ಚುಚ್ಚತೊಡಗಿತು. ಒಂದೂವರೆ ಸಾವಿರ ದಂಡ. ಕೊನೆಗೆ ಬೆತ್ತ ಕೊಂಡು, ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿಸಿ, ಎಳ್ಳೆಣ್ಣೆ ಸವರಿದೆ. ಒಂದಕ್ಕೆ 350 ರೂಪಾಯಿ ಬಿತ್ತು. ಒಂದೂ ಇನ್ನೂ ಒಡೆದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಆಯುಧ ಮುಗಿದು ಕ್ಯೊಕ್‌ಪಾ ಶುರುವಾಗುವ ಜಾಗದಲ್ಲಿ. ಹಲಗೆ ತರುವುದು, ಸಾಲು ನಿಲ್ಲಿಸುವುದು ಎಂದು ನಾಲ್ಕೈದು ನಿಮಿಷ ಕಳೆಯುತ್ತದೆ, ಜನ ಮೊಬೈಲ್ ತೆಗೆಯುತ್ತಾರೆ. ಹಿಂದೊಮ್ಮೆ ಕೊರಿಯಾಕ್ಕೆ ಹೋಗಿದ್ದಾಗ ಸುವಾನ್‌ನ ಹ್ವಾಸೊಂಗ್ ಹೆಂಗುಂಗ್ ಅರಮನೆಯ ಎದುರು 24 ಯುದ್ಧಕಲೆಗಳ ಪ್ರದರ್ಶನ ನೋಡಿದ್ದೆ. ರಾಜ ಜೊಂಗ್ಜೊ ಬರೆಯಿಸಿದ 1790ರ 'ಮುಯೆ ದೊಬೊ ತೊಂಗ್ಜಿ' ಗ್ರಂಥದಲ್ಲಿರುವ ಕಲೆಗಳೇ ಅವು. ಕತ್ತಿಯ ವರಸೆಯ ಬಿಸಿ ಆರುವ ಮೊದಲೇ ಹುಲ್ಲಿನ ಸುರುಳಿ ತುಂಡಾಗಿ ಬಿದ್ದಿತು. ಆ ಎಡೆಬಿಡದ ಓಟ ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು.

ಹಾಗಾಗಿ ಬೊಂಗ್ ವರಸೆಯ ಪ್ರತಿ ತಿರುವಿನಲ್ಲೂ ಹಿಂದಿನಿಂದ ಇಬ್ಬರು ಹಲಗೆ ಹಿಡಿದು ಬಂದು ಕೂರುವಂತೆ ಹೆಜ್ಜೆ ಎಣಿಸಿ ಹೊಂದಿಸಿದೆ. ಹತ್ತು ಬೊಂಗ್‌ಗಳು ಒಮ್ಮೆಗೆ ನೆಲಕ್ಕೆ ಬಡಿದ ಸದ್ದಿನ ಬೆನ್ನಿಗೇ ಮೊದಲ ದ್ವಿ ಚಾಗಿ (ಹಿಂದಕ್ಕೆ ಒದೆತ). ಇಡೀ ಪ್ರದರ್ಶನ ಏಳು ನಿಮಿಷದಲ್ಲಿ ಮುಗಿಯಿತು. ಆ ಜೋಡಣೆಗೆ ಆರು ವಾರ ಬೇಕಾಯಿತು. ಎಣಿಕೆ ತಪ್ಪಿದರೆ ಬೊಂಗ್ ತುದಿ ಹಿಡಿದವರ ತಲೆಗೆ ಬೀಳುವ ಅಪಾಯವಿದ್ದುದರಿಂದ ಮೊದಲ ತಿಂಗಳು ಪೂರ್ತಿ ಬೊಂಗ್ ಇಲ್ಲದೆ ಬರಿಗೈಯಲ್ಲೇ ನಡೆಸಿದೆ.

ನಡುವೆ ಎರಡು ಪ್ರಯೋಗಗಳನ್ನೂ ಮಾಡಿದೆ. ಕೊರಿಯನ್ ಕತ್ತಿ ಕಲೆಯಾದ ಹೇದಾಂಗ್ ಗುಮ್ದೊದವರಂತೆ ಕತ್ತಿ ಬೀಸಿದ ಗಾಳಿಗೆ ಮೇಣದಬತ್ತಿ ಆರಿಸುವುದನ್ನು ಮರದ ಕತ್ತಿಯಲ್ಲಿ ಅಭ್ಯಾಸ ಮಾಡಿದೆವು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹತ್ತಕ್ಕೆ ಏಳು ಸಲ ಆರುತ್ತಿತ್ತು. ಬಯಲು ವೇದಿಕೆಯಲ್ಲಿ ಗಾಳಿಯೇ ಆರಿಸಿಬಿಡುತ್ತದೆ, ಆದ್ದರಿಂದ ಕೈಬಿಟ್ಟೆ. ಇನ್ನೊಂದು ಮಂಗಳೂರು ಹೆಂಚು. ಹಳೆಯ ಮನೆ ಕೆಡವಿದಲ್ಲಿ ಒಂದಕ್ಕೆ ಎಂಟು ರೂಪಾಯಿಯಂತೆ ಐವತ್ತು ತಂದೆ. ಸದ್ದು ಅದ್ಭುತ, ಆದರೆ ಚೂರು ಗಾಜಿನಂತೆ ಹಾರುತ್ತದೆ. ಅದನ್ನು ನಾನೊಬ್ಬನೇ ಮಾಡಿದೆ, ಏಳು ಹೆಂಚಿನವರೆಗೆ. ಮಕ್ಕಳ ಕೈಗೆ ಕೊಡಲಿಲ್ಲ, ಕೊಡುವುದೂ ಇಲ್ಲ.

ಖರ್ಚು ನೆನಪಿನಿಂದ ಹೇಳುವುದಾದರೆ ಹಲಗೆಗೆ ಕೊಯ್ಯಿಸಿದ ಕೂಲಿ ಸೇರಿ ನಾಲ್ಕು ಸಾವಿರದ ಚಿಲ್ಲರೆ, ಅಂದರೆ ಒಂದಕ್ಕೆ ಹೆಚ್ಚೆಂದರೆ 50 ರೂಪಾಯಿ. ಬೆತ್ತಕ್ಕೆ ಮೂರೂವರೆ ಸಾವಿರ. ಮತ್ತೆ ಮತ್ತೆ ಜೋಡಿಸುವ ಒಂದೇ ಒಂದು ಪ್ಲಾಸ್ಟಿಕ್ ಹಲಗೆಗೆ ಎರಡು ಸಾವಿರಕ್ಕೂ ಹೆಚ್ಚು ಕೇಳಿದ್ದರು. ಡಿಸೆಂಬರ್ ಹೊತ್ತಿಗೆ ಹನ್ನೊಂದು ಹೊಸ ಮಕ್ಕಳು ಸೇರಿದರು, ಬಿಟ್ಟುಹೋದ ಐವರಲ್ಲಿ ಮೂವರು ಮರಳಿ ಬಂದರು. ಹಿಮ್ಮಡಿ ಊದಿಸಿಕೊಂಡಿದ್ದ ಹುಡುಗ ಬಿಟ್ಟೇ ಹೋಗಿರಲಿಲ್ಲ. ಆ ಸಂಜೆಯ ಕೊನೆಯ ಮೂರು ಹಲಗೆಗಳ ಕಟ್ಟನ್ನು ಯೊಪ್ ಚಾಗಿಯಲ್ಲಿ (ಪಕ್ಕಕ್ಕೆ ಒದೆತ) ಮುರಿದವನು ಅವನೇ.

ಮುರಿಯದ ಮೂರು ಹಲಗೆಗಳನ್ನು ಎತ್ತಿಟ್ಟಿದ್ದೇನೆ. ಒಂದರಲ್ಲಿ ನಾನು ಗಮನಿಸದ ಗಂಟಿದೆ. ಇನ್ನೊಂದನ್ನು ಹಿಡಿದವರು ಮೊಣಕೈ ಸಡಿಲ ಬಿಟ್ಟಿದ್ದರು, ವಿಡಿಯೊದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೂರನೆಯದು ತೂಕ ಸರಿ, ಎಳೆ ಸರಿ, ಹಿಡಿದದ್ದೂ ಸರಿ. ಅದನ್ನು ಬಡಗಿಯೊಬ್ಬರಿಗೆ ತೋರಿಸಿದಾಗ ಮರದ ಬುಡದ ಭಾಗ ಇರಬೇಕು ಎಂದರು. ಈ ಸಲ ಬುಡದ ದಿಮ್ಮಿಯಿಂದ ಹತ್ತು, ತುದಿಯದರಿಂದ ಹತ್ತು ಹಲಗೆಗಳನ್ನು ಬೇರೆ ಬೇರೆ ಬಣ್ಣದ ಗುರುತು ಹಾಕಿ ಅಟ್ಟಕ್ಕೆ ಏರಿಸಿದ್ದೇನೆ.