ಎಮಿಗ್ರೇಟ್, ಇಮಿಗ್ರೇಟ್, ಮೈಗ್ರೇಟ್: ಎರಡು ಕುರ್ಚಿ ಇಟ್ಟು ಕಲಿಸಿದ ಅನುಭವ

ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಬ್ಯಾಚ್ ನಡೆಸುವವರಿಗೆಲ್ಲ ಈ ಮೂರು ಕ್ರಿಯಾಪದಗಳ ಕಾಟ ಗೊತ್ತಿದೆ. ನೆಲೆಸಲು ದೇಶ ಬಿಟ್ಟು ಹೋಗುವುದು ಎಮಿಗ್ರೇಟ್, ನೆಲೆಸಲು ಬೇರೆ ದೇಶಕ್ಕೆ ಬರುವುದು ಇಮಿಗ್ರೇಟ್, ಒಂದು ಜಾಗದಿಂದ ಇನ್ನೊಂದಕ್ಕೆ ವಲಸೆ ಹೋಗುವುದು ಮೈಗ್ರೇಟ್. ಇದಕ್ಕಿಂತ ಹೆಚ್ಚು ಅರ್ಥ ವಿವರಿಸುತ್ತಾ ಕೂರುವುದಿಲ್ಲ. ನಮ್ಮ ಹುಬ್ಬಳ್ಳಿ ಬ್ಯಾಚಿನವರಿಗೆ ಅದು ಹೇಗೆ ತಲೆಗೆ ಹತ್ತಿತು ಅನ್ನುವುದನ್ನಷ್ಟೇ ಬರೆಯುತ್ತೇನೆ. "ಇದು ಆಟ ಆಯ್ತು, ಪಾಠ ಅಲ್ಲ" ಅಂದಿದ್ದ ಇಬ್ಬರು ಮೇಷ್ಟ್ರು ಈಗ ತಮ್ಮ ಹುಡುಗರನ್ನು ಆ ಒಂದು ಕ್ಲಾಸಿಗೆ ನನ್ನ ಹತ್ತಿರವೇ ಕಳಿಸುತ್ತಾರೆ.

ಮೊದಲು ನಾನೂ ಫ್ರಂ–ಟು ಸೂತ್ರವನ್ನೇ ಹಿಡಿದಿದ್ದೆ. ಎಮಿಗ್ರೇಟ್ ಆದರೆ ಫ್ರಂ, ಇಮಿಗ್ರೇಟ್ ಆದರೆ ಟು. ಬಿಟ್ಟ ಸ್ಥಳ ತುಂಬಲು ಕೊಟ್ಟರೆ ಹತ್ತಕ್ಕೆ ಹತ್ತು. ಪ್ರಬಂಧ ಬರೆಸಿದರೆ ಅರ್ಧಕ್ಕರ್ಧ ತಪ್ಪು. ಕಾರಣ ಸೂತ್ರದಲ್ಲೇ ಇದೆ. 'ದೇ ಎಮಿಗ್ರೇಟೆಡ್ ಟು ಆಸ್ಟ್ರೇಲಿಯಾ' ಅನ್ನುವುದು ಒಳ್ಳೆಯ ಇಂಗ್ಲಿಷೇ. 'ಇಮಿಗ್ರೆಂಟ್ಸ್ ಫ್ರಂ ಇಂಡಿಯಾ' ಅನ್ನುವುದೂ ಸರಿಯೇ. ಇಂಥದ್ದನ್ನು ಪತ್ರಿಕೆಯಲ್ಲಿ ಓದಿ ಬಂದವರು "ಸರ್, ಇವರು ತಪ್ಪು ಬರೆದಿದ್ದಾರಾ?" ಅಂತ ಕೇಳಿದರೆ ಸೂತ್ರ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಚಿತ್ರದ ಕಾರ್ಡು. ವಿಮಾನ, ಬಾಣದ ಗುರುತು, ಬಾವುಟ ಎಲ್ಲ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದೆ. ಮೂರೂವರೆ, ನಾಲ್ಕು ಸಾವಿರ ಹೋಯಿತು. ಕಾರ್ಡು ಕೈಯಲ್ಲಿದ್ದಾಗ ಸರಿ ಹೇಳುತ್ತಾರೆ, ಕೆಳಗಿಟ್ಟರೆ ಮತ್ತೆ ಗೊಂದಲ. ಈಗ ಅಟ್ಟದ ಮೇಲಿವೆ. ದುಡ್ಡಿನ ಮಾತು ಯಾಕೆ ಎತ್ತಿದೆ ಅಂದರೆ, ನಮ್ಮ ಹತ್ತಿರ ಬರುವವರಲ್ಲಿ ಸ್ಟಾಫ್ ನರ್ಸ್‌ಗಳೇ ಜಾಸ್ತಿ. ಪರೀಕ್ಷೆಯ ಫೀಸೇ ದೊಡ್ಡ ಮೊತ್ತ. ರೈಟಿಂಗ್‌ನಲ್ಲಿ ಅರ್ಧ ಬ್ಯಾಂಡ್ (ಈ ಪರೀಕ್ಷೆಯಲ್ಲಿ ಅಂಕಕ್ಕೆ ಹೇಳುವ ಹೆಸರು) ಕಮ್ಮಿ ಬಿದ್ದರೂ ಮತ್ತೆ ದುಡ್ಡು ಕಟ್ಟಬೇಕು, ಅದು ಅವರ ಒಂದು ತಿಂಗಳ ಸಂಬಳ. ಒಂದು ಪದ ತಪ್ಪಿದರೆ ಬ್ಯಾಂಡ್ ಇಳಿಯುವುದಿಲ್ಲ, ನಿಜ. ಆದರೆ ಟಾಸ್ಕ್ 2, ಅಂದರೆ ಪ್ರಬಂಧದ ಪ್ರಶ್ನೆಯ ವಿಷಯವೇ ವಲಸೆ ಆಗಿದ್ದು, ಉದ್ದಕ್ಕೂ ಅದೇ ಪದ ತಪ್ಪಾಗಿ ಬಿದ್ದರೆ ಪದಬಳಕೆಯ ಅಂಕ ಇಳಿಯಬಹುದು.

ಕೊನೆಗೆ ಕೈ ಹಿಡಿದದ್ದು ಒಂದು ಚಾಕ್‌ಪೀಸು, ಎರಡು ಕುರ್ಚಿ.

ಕೋಣೆಯ ನಡುವೆ ಗೆರೆ ಎಳೆಯುತ್ತೇನೆ. ಈ ಕಡೆಯ ಕುರ್ಚಿಯಲ್ಲಿ ಗದಗಿನ ಅವ್ವ. ಆ ಕಡೆಯದರಲ್ಲಿ ಟೊರಾಂಟೊದ ಆಫೀಸರ್. ಒಬ್ಬ ಹುಡುಗ ಬ್ಯಾಗ್ ಹಿಡಿದು ಗೆರೆ ದಾಟುತ್ತಾನೆ. ಅವ್ವ ಹೇಳುವುದು ಎಮಿಗ್ರೇಟೆಡ್, ಆಫೀಸರ್ ಹೇಳುವುದು ಇಮಿಗ್ರೇಟೆಡ್. ದಾಟಿದವನು ಒಬ್ಬನೇ, ನೋಡಿದ ಕಣ್ಣು ಬೇರೆ. ಬಾಗಿಲ ಹತ್ತಿರ ಮೂರನೆಯವರನ್ನು ನಿಲ್ಲಿಸುತ್ತೇನೆ. ಅವರು ಯಾವ ಕಡೆಗೂ ಸೇರಿದವರಲ್ಲ, ಸುಮ್ನೆ ಜನರ ಓಡಾಟ ನೋಡುವವರು. ಅವರ ಬಾಯಲ್ಲಿ ಮೈಗ್ರೇಟೆಡ್. ಫ್ರಂ, ಟು ಯಾವುದು ಬೇಕಾದರೂ ಬರಲಿ, ಅಡ್ಡಿ ಇಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ವಾಕ್ಯ ಯಾರ ಕುರ್ಚಿಯಿಂದ ಹೊರಡುತ್ತಿದೆ?

ಬರವಣಿಗೆಗೆ ಇದನ್ನು ಹೀಗೆ ತಂದೆ. ಪ್ರತಿ ಪ್ಯಾರಾದ ಪಕ್ಕ ಪೆನ್ಸಿಲಿನಲ್ಲಿ ಒಂದಕ್ಷರ. ಅವ್ವನಿಗೆ 'ಅ', ಆಫೀಸರ್‌ಗೆ 'ಆ'. ಬರುವವರಿಂದ ದೇಶಕ್ಕೆ ಏನಾಗುತ್ತದೆ ಅಂತ ಪ್ರಶ್ನೆ ಇದ್ದರೆ ಪ್ಯಾರಾ ಪೂರ್ತಿ 'ಆ'. ಓದಿದವರೆಲ್ಲ ಊರು ಬಿಟ್ಟರೆ ಊರಿನ ಗತಿ ಏನು ಅಂತಿದ್ದರೆ 'ಅ'. ಪ್ಯಾರಾದ ನಡುವೆ ಕುರ್ಚಿ ಬದಲಾದರೆ ಆ ವಾಕ್ಯ ತಿದ್ದಬೇಕು. ಇದಾದ ಮೇಲೆ ನಮ್ಮ ಬ್ಯಾಚಿನಲ್ಲಿ ಹತ್ತರಲ್ಲಿ ಎಂಟೊಂಬತ್ತು ಮಂದಿ ತಪ್ಪದೆ ಬರೆಯುತ್ತಿದ್ದಾರೆ. ಕೊನೇ ದಿನ ಕುರ್ಚಿ ತೆಗೆದು ಒಂದು ಪರೀಕ್ಷೆ ಕೊಡುತ್ತೇನೆ. ಅದು ಹೇಗಿರುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಲಾರೆ. ಬ್ಯಾಚ್ ನಡೆಯುವುದೇ ಅದರ ಮೇಲೆ.

ಮೈಗ್ರೇಟ್‌ಗೆ ನಮ್ಮ ಕಡೆ ಉದಾಹರಣೆ ಹುಡುಕಬೇಕಾಗಿಲ್ಲ. ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಿವೆ. ಅದಕ್ಕಿಂತ ಹತ್ತಿರದ್ದು ಗುಳೆ. ಕೊಪ್ಪಳ, ಯಾದಗಿರಿಯಿಂದ ಬೆಂಗಳೂರಿಗೆ ಗುಳೆ ಹೋದವರು ದೇಶದ ಗಡಿ ದಾಟಿಲ್ಲ, ಹಬ್ಬಕ್ಕೋ ಮಳೆಗೋ ವಾಪಸ್ ಬರುತ್ತಾರೆ. ಅಲ್ಲಿ ಎಮಿಗ್ರೇಟ್ ಬರೆದರೆ ಗುಳೆ ಹೋದ ಮನೆಯ ಹುಡುಗನೇ ಎದ್ದು ತಿದ್ದುತ್ತಾನೆ. 2020ರ ಲಾಕ್‌ಡೌನಿನಲ್ಲಿ ನಡೆದು ಹೋದವರನ್ನು ಇಂಗ್ಲಿಷ್ ಪತ್ರಿಕೆಗಳು ಮೈಗ್ರೆಂಟ್ ವರ್ಕರ್ಸ್ ಅಂದದ್ದು ಎಲ್ಲರಿಗೂ ನೆನಪಿದೆ, ಅಲ್ವಾ?

ಒಂದು ತಕರಾರು ಬಂದೇ ಬರುತ್ತದೆ. "ಸರ್, ನಾವು ಇಂಡಿಯಾ ಬಿಟ್ಟು ಹೊರಡುವಾಗಲೂ ಏರ್‌ಪೋರ್ಟಿನಲ್ಲಿ ಇಮಿಗ್ರೇಷನ್ ಕೌಂಟರ್ ಅಂತಾರಲ್ಲ?" ಒಳ್ಳೆಯ ಪ್ರಶ್ನೆ. ಅದು ಇಲಾಖೆಯ ಹೆಸರು. ಬ್ಯೂರೋ ಆಫ್ ಇಮಿಗ್ರೇಷನ್ ಬರುವವರನ್ನೂ ಹೋಗುವವರನ್ನೂ ನೋಡುತ್ತದೆ. ಗಲ್ಫಿಗೆ ಹೊರಟ ಕೆಲವರ ಪಾಸ್‌ಪೋರ್ಟಿನಲ್ಲಿರುವ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಅನ್ನುವುದರಲ್ಲಿ ಇರುವುದು ಎಮಿಗ್ರೇಷನ್. ಅದು ಅವ್ವನ ಕುರ್ಚಿಯ ಮಾತು. 1983ರ ಎಮಿಗ್ರೇಷನ್ ಕಾಯಿದೆಗೆ ಕೆಲಸಕ್ಕೆಂದು ದೇಶ ಬಿಟ್ಟರೆ ಸಾಕು, ಅಲ್ಲೇ ನೆಲೆಸಬೇಕು ಅಂತಿಲ್ಲ. ಪ್ರಬಂಧದಲ್ಲಿ ಹಾಗಲ್ಲ, ಅಲ್ಲಿ ಎಮಿಗ್ರೇಟ್ ಅಂದರೆ ನೆಲೆಸಲು ಹೋದದ್ದು. ಎರಡು ವರ್ಷ ದುಬೈನಲ್ಲಿ ದುಡಿದು ಬಂದವರಿಗೆ 'ವರ್ಕ್ಡ್ ಇನ್ ದುಬೈ' ಅಂತಲೇ ಬರೆಯಿರಿ ಅನ್ನುತ್ತೇನೆ.

ಇನ್ನೊಂದು ಪ್ರಯೋಗ ಉಚ್ಚಾರಣೆಯದು. ನಮ್ಮವರು ಎಮಿಗ್ರೇಟ್ ಅನ್ನುವಾಗ 'ಯೆ' ಸೇರಿಸುತ್ತಾರೆ. ಸ್ಪೀಕಿಂಗ್ ಕ್ಲಾಸಿನಲ್ಲಿ ಅದನ್ನು ಬಿಡಿಸುತ್ತೇವೆ. ನಾನು ಮೊದಲ ವಾರ ಬೇಕೆಂದೇ ಉಳಿಸಿಕೊಂಡೆ. ಯೆಮಿಗ್ರೇಟ್ ಅಂದಾಗ ಇಮಿಗ್ರೇಟ್‌ನಿಂದ ಕಿವಿಗೇ ಬೇರೆಯಾಗಿ ಕೇಳುತ್ತದೆ. ಪದ ಗಟ್ಟಿಯಾದ ಮೇಲೆ 'ಯೆ' ತೆಗೆಸಿದೆ. ಕಾಗುಣಿತಕ್ಕೆ ಬೇರೆ ಉಪಾಯ ಬೇಕಾಗಲಿಲ್ಲ. ಇಮಿಗ್ರೇಟ್‌ನಲ್ಲಿ ಎಂ ಎರಡು, ಉಳಿದೆರಡರಲ್ಲಿ ಒಂದೊಂದೇ.

ಡಿಪೋರ್ಟ್, ಎಕ್ಸ್‌ಟ್ರಡೈಟ್, ರಿಪ್ಯಾಟ್ರಿಯೇಟ್‌ಗೂ ಇದೇ ಕುರ್ಚಿ ಹಾಕಿ ನೋಡಿದೆ. ನಡೆಯಲಿಲ್ಲ. ಅಲ್ಲಿ ಮನುಷ್ಯ ತಾನಾಗಿ ಗೆರೆ ದಾಟುವುದಿಲ್ಲ, ಯಾರೋ ದಾಟಿಸುತ್ತಾರೆ. ಈಗ ಕುರ್ಚಿ ಬದಲು ಬೆನ್ನ ಹಿಂದೆ ಒಬ್ಬರನ್ನು ನಿಲ್ಲಿಸುತ್ತಿದ್ದೇನೆ. ಹೊರಗೆ ಹಾಕುವ ಸರ್ಕಾರ ನಿಂತರೆ ಡಿಪೋರ್ಟ್. ಆರೋಪಿಯನ್ನು ಒಪ್ಪಿಸಿ ಅಂತ ಇನ್ನೊಂದು ದೇಶ ಕೇಳಿ, ಅದರಂತೆ ಕಳಿಸಿದರೆ ಎಕ್ಸ್‌ಟ್ರಡೈಟ್. 2020ರ ವಂದೇ ಭಾರತ್ ವಿಮಾನಗಳ ಹಾಗೆ ಸ್ವಂತ ದೇಶಕ್ಕೆ ಕರೆತಂದರೆ ರಿಪ್ಯಾಟ್ರಿಯೇಟ್. ಡಿಪೋರ್ಟ್ ಬೇಗ ಹಿಡಿಯುತ್ತಾರೆ. ಇನ್ನೆರಡಕ್ಕೆ ಮುಂದಿನ ಬ್ಯಾಚಿನಲ್ಲಿ ಇನ್ನೊಂದು ಕ್ಲಾಸ್ ಕೊಡಬೇಕು.