1.7 ಲಕ್ಷ ಖರ್ಚಾಯಿತು, ಲಂಡನ್‌ನಿಂದ ತಂದದ್ದು ಕಾಗದದ ಕಾರ್ಡು

"ಲಂಡನ್‌ಗೆ ಹೋಗಿ ಕಾಗದ ತಂದ್ರೇನ್ರಿ ಸರ್?" 2024ರ ಫೆಬ್ರವರಿಯಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದ ಮಾತಿದು. ಆಗ ಸುಮ್ನಿದ್ದೆ. ಈಗ ಉತ್ತರ ಕೊಡುತ್ತೇನೆ. ನಮ್ಮದು ಮಸ್ಕಿ ತಾಲೂಕಿನ ಸರ್ಕಾರಿ ಪ್ರೌಢಶಾಲೆ. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ನಮ್ಮ 52 ಮಕ್ಕಳ ಪೈಕಿ ವಿಜ್ಞಾನದಲ್ಲಿ 43 ಮಂದಿ ಪಾಸಾದರು. ಅದರ ಹಿಂದಿನ ವರ್ಷ, ಪರೀಕ್ಷಾ ಕೋಣೆಗೆ ಕ್ಯಾಮೆರಾ ಇಟ್ಟು ನೋಡುವ ವೆಬ್‌ಕಾಸ್ಟಿಂಗ್ ಶುರುವಾದ ಸಲ, 24 ಮಂದಿಯೋ 25 ಮಂದಿಯೋ. ಮೇಷ್ಟ್ರು ಅದೇ, ಪುಸ್ತಕ ಅದೇ, ಕೋಣೆಯೂ ಅದೇ.

ನಾನು ಹೋಗಿದ್ದು ಬೆಟ್ ಎಂಬ ಶಿಕ್ಷಣ ತಂತ್ರಜ್ಞಾನದ ಸಮ್ಮೇಳನಕ್ಕೆ, 2024ರ ಜನವರಿ 24ರಿಂದ 26ರವರೆಗೆ. ಲಂಡನ್‌ನ ಎಕ್ಸೆಲ್ ಕೇಂದ್ರದಲ್ಲಿ ನಡೆಯುತ್ತೆ. ಶಿಕ್ಷಕರಿಗೆ ಪ್ರವೇಶ ಫ್ರೀ. ಆದರೆ ಅಲ್ಲಿಗೆ ತಲುಪೋದು ಫ್ರೀ ಅಲ್ಲ. ಹೈದರಾಬಾದಿನಿಂದ ದೋಹಾ ಮೇಲೆ ಹೋಗಿ ಬರುವ ಟಿಕೆಟ್ಟಿಗೆ 68 ಸಾವಿರದ ಹತ್ತಿರ. ವೀಸಾ 115 ಪೌಂಡ್, ಅಂದರೆ 12 ಸಾವಿರ. ಈಸ್ಟ್ ಹ್ಯಾಮ್‌ನಲ್ಲಿ ಆರು ರಾತ್ರಿ ರೂಮಿಗೆ 33 ಸಾವಿರ. ಓಡಾಟ, ಊಟ, ಜಾಕೆಟ್ಟು, ಇನ್ಶೂರೆನ್ಸು ಎಲ್ಲ ಸೇರಿ ಇನ್ನೊಂದು 30. ಬಂದ ಮೇಲೆ ಪ್ರಯೋಗಗಳಿಗೆ ಸುರಿದದ್ದು 25 ಸಾವಿರ ಇರಬಹುದು. ಸೊಸೈಟಿಯಲ್ಲಿ ಒಂದು ಲಕ್ಷ ಸಾಲ ಎತ್ತಿದೆ. ಒಂದು ಕಚೇರಿಯಲ್ಲಿ ನನ್ನ ಅನುಮತಿ ಫೈಲು ಐದು ವಾರ ಕೂತಿತ್ತು. ಹೋಗುವ ಮನಸ್ಸಿದ್ದವರು ಆಗಸ್ಟ್‌ನಲ್ಲೇ ಅರ್ಜಿ ಕೊಡಿ. ಅಕ್ಟೋಬರ್‌ನಲ್ಲಿ ಕೊಟ್ಟು ನಾನು ನಿದ್ದೆಗೆಟ್ಟೆ.

ಮೊದಲ ದಿನ ಕಣ್ಣು ಕೋರೈಸಿತು. ಗೋಡೆ ಅಗಲದ ಟಚ್ ಪ್ಯಾನೆಲ್ಲು, ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಪೆಟ್ಟಿಗೆ, ಎಲ್ಲಿ ನೋಡಿದರೂ ಎಐ. ಎರಡನೇ ದಿನದಿಂದ ಪ್ರತಿ ಮಳಿಗೆಯಲ್ಲೂ ಒಂದೇ ಪ್ರಶ್ನೆ ಕೇಳತೊಡಗಿದೆ: "ಕರೆಂಟ್ ಹೋದಾಗ ಇದು ನಡೆಯುತ್ತಾ? 54 ಮಕ್ಕಳಿಗೆ ಒಂದೇ ಫೋನ್ ಇದ್ದರೆ?" ಹೆಚ್ಚಿನವರು ನಕ್ಕು ಬ್ರೋಷರ್ ಕೊಟ್ಟರು. ಮಧ್ಯಾಹ್ನ ಊಟದ ಸಾಲಿನಲ್ಲಿ ನನ್ನ ಮುಂದೆ ವೇಲ್ಸ್‌ನ ಒಬ್ಬ ಪ್ರೈಮರಿ ಟೀಚರ್ ನಿಂತಿದ್ದರು. ಅದೇ ಪ್ರಶ್ನೆ ಅವರಿಗೂ ಕೇಳಿದೆ. ಅವರು ಬ್ಯಾಗಿನಿಂದ ಮಾಸಿದ ಕಾರ್ಡಿನ ಕಟ್ಟು ತೆಗೆದರು. ಪ್ಲಿಕರ್ಸ್. ಮಗುವಿಗೊಂದು ಕಾರ್ಡು, ಎ ಬಿ ಸಿ ಡಿ ಯಾವ ಬದಿ ಮೇಲೆ ಹಿಡಿದರೆ ಅದೇ ಉತ್ತರ, ಮೇಷ್ಟ್ರ ಒಂದೇ ಫೋನು ಎಲ್ಲರದ್ದನ್ನೂ ಓದುತ್ತೆ. ಹೆಸರು ನೀವೂ ಕೇಳಿರುತ್ತೀರಿ, ನಾನೂ ಕೇಳಿದ್ದೆ. ಯಾವುದೋ ತರಬೇತಿಯಲ್ಲಿ ಐದು ನಿಮಿಷ ತೋರಿಸಿ ಮುಂದೆ ಹೋಗಿದ್ದರು. ಆಕೆಯ ಕಾರ್ಡುಗಳ ಅಂಚು ಮಕ್ಕಳ ಕೈಬೆವರಿಗೆ ಸವೆದಿತ್ತು. ಮೂರು ದಿನದಲ್ಲಿ ನಾನು ಕಂಡ ವಸ್ತುಗಳಲ್ಲಿ ನಿಜವಾಗಿ ಬಳಸಿ ಸವೆದದ್ದು ಅದೊಂದೇ. ಅಲ್ಲೇ ತೀರ್ಮಾನ ಮಾಡಿದೆ.

ಮಾರನೇ ದಿನ ಲ್ಯಾಂಬೆತ್‌ಗೆ ಹೋಗಿ ಥೇಮ್ಸ್ ದಂಡೆಯ ಬಸವಣ್ಣನ ಮೂರ್ತಿ ನೋಡಿದೆ. 2015ರ ನವೆಂಬರ್‌ನಲ್ಲಿ ಅನಾವರಣ ಆದದ್ದು. ಚಳಿಗಾಳಿಯಲ್ಲಿ ಅರ್ಧ ಗಂಟೆ ನಿಂತೆ. ಊರು ಬಿಟ್ಟ ಮೇಲೆ ಮೊದಲ ಸಲ ಮನಸ್ಸಿಗೆ ನೆಮ್ಮದಿ ಅನಿಸಿತು.

ಊರಿಗೆ ಬಂದು ಒಂಬತ್ತನೇ ತರಗತಿಯಲ್ಲಿ ಶುರು ಮಾಡಿದೆ. ಮೊದಲ ಎಡವಟ್ಟು, 40 ಕಾರ್ಡಿನ ಸೆಟ್ ಪ್ರಿಂಟ್ ಹಾಕಿಸಿದ್ದು. ಮಕ್ಕಳು 54. ಆಮೇಲೆ 63ರ ಸೆಟ್ ತೆಗೆಸಿ, ಬಾಳಿಕೆ ಬರಲಿ ಅಂತ ಸಿಂಧನೂರಿನಲ್ಲಿ ಲ್ಯಾಮಿನೇಷನ್ ಮಾಡಿಸಿದೆ. 900 ರೂಪಾಯಿ ನೀರುಪಾಲು. ನಮ್ಮ ಕೋಣೆಗೆ ಪಶ್ಚಿಮದ ಕಿಟಕಿ, ಬಿಸಿಲು ನೇರ ಕಾರ್ಡಿನ ಮೇಲೆ ಬೀಳುತ್ತಿತ್ತು. ಹೊಳಪಿಗೆ ಫೋನು ಅರ್ಧ ಕಾರ್ಡು ಓದಲೇ ಇಲ್ಲ. 54ಕ್ಕೆ 22 ಉತ್ತರ ಬಂತು. ಹುಡುಗರು ಗದ್ದಲ ಎಬ್ಬಿಸಿದರು, ಹೆಡ್ ಮಾಸ್ಟರ್ ಬಾಗಿಲಲ್ಲಿ ನಿಂತು ನೋಡಿ ಹೋದರು. ಆ ವಾರ ಬಹಳ ಕಷ್ಟದ್ದು.

ಪರಿಹಾರ ಸಿಕ್ಕಿದ್ದು ಮನೆಯ ಅಟ್ಟದಲ್ಲಿ. ಹಳೇ ಲಗ್ನಪತ್ರಿಕೆಗಳು! ಹೊಳಪಿಲ್ಲದ, ದಪ್ಪನೆಯ ರಟ್ಟು. ಸಾದಾ ಜೆರಾಕ್ಸ್ ತೆಗೆಸಿ ಅದರ ಬೆನ್ನಿಗೆ ಅಂಟಿಸಿದೆ. ಖರ್ಚು ಎಲ್ಲ ಸೇರಿ 150. ಸುತ್ತ ಒಂದು ಬೆರಳಗಲ ಬಿಳಿ ಅಂಚು ಬಿಡಲೇಬೇಕು. ಮಕ್ಕಳ ಬೆರಳು ಕಪ್ಪು ಗುರುತಿನ ಮೇಲೆ ಬಂದರೆ ಫೋನ್ ಓದಲ್ಲ. ಯಾವ ಅಂಟು, ಒಂದು ವರ್ಷ ಆದರೂ ಮುದುರದ ಹಾಗೆ ಹೇಗೆ ಅಂಟಿಸಿದೆ ಅನ್ನೋದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನೆಟ್ ನಮ್ಮಲ್ಲಿ ಸಿಗೋದು ಹೆಡ್ ಮಾಸ್ಟರ್ ಕೋಣೆಯ ಕಿಟಕಿ ಕಟ್ಟೆಯಲ್ಲಿ ಮಾತ್ರ. ಅಲ್ಲಿ ಎರಡನೇ ಫೋನ್ ಇಟ್ಟು ಹಾಟ್‌ಸ್ಪಾಟ್ ಮಾಡಿದೆ. ಪ್ರಶ್ನೆಯನ್ನು ಆ್ಯಪ್‌ನಲ್ಲಿ ಪೂರ್ತಿ ಟೈಪ್ ಮಾಡಲ್ಲ. ಅಲ್ಲಿ ಬರೀ ನಂಬರ್ ಹಾಕಿ, ಪ್ರಶ್ನೆ ಕರಿಹಲಗೆ ಮೇಲೆ ಬರೆಯುತ್ತೇನೆ. ಪ್ರೊಜೆಕ್ಟರ್ ಬೇಡವೇ ಬೇಡ.

ಇನ್ನೊಂದು ಪೆಟ್ಟು ತಿಂದದ್ದು ಅಕ್ಟೋಬರ್‌ನಲ್ಲಿ, ಇದೇ ಮಕ್ಕಳು ಹತ್ತಕ್ಕೆ ಬಂದ ಮೇಲೆ. ಸಂಜೆ ಲೆಕ್ಕ ನೋಡುವಾಗ 17ನೇ ಕಾರ್ಡಿನ ಹುಡುಗಿ ನಾಲ್ಕಕ್ಕೆ ನಾಲ್ಕು ಸರಿ ಹೇಳಿದ್ದಳು. ಆದರೆ ಆಕೆ ಆವತ್ತು ಹತ್ತಿ ಬಿಡಿಸೋಕೆ ಹೋಗಿದ್ದಳು! ಗೆಳತಿ ಎರಡೂ ಕೈಯಲ್ಲಿ ಎರಡು ಕಾರ್ಡು ಎತ್ತಿದ್ದಳು. ಬೈಯಲಿಲ್ಲ. ಕರೆದು ಕೇಳಿದರೆ, "ಆಕಿ ಹಾಜರಿ ಹೋಗಬಾರದು ಅಂತ ಸರ್" ಅಂದಳು. ಮಾರನೇ ದಿನದಿಂದ ಕಾರ್ಡು ಹಂಚೋದು ಹಾಜರಿ ಕೂಗುವಾಗಲೇ, ನನ್ನ ಕೈಯಿಂದ.

ಇಷ್ಟಾದ ಮೇಲೂ ಕಾರ್ಡು ಬರೀ ರಸಪ್ರಶ್ನೆ ಆಟವಾಗಿತ್ತು. ಅದನ್ನು ಪಾಠ ಮಾಡಿದ್ದು ಹಾರ್ವರ್ಡ್‌ನ ಎರಿಕ್ ಮಜೂರ್ ಮೇಷ್ಟ್ರ ಲೆಕ್ಕ. ಸರಿ ಉತ್ತರ ಶೇ 30ರಿಂದ 70ರ ನಡುವೆ ಬಂದರೆ ನೀವು ಬಾಯಿ ಬಿಡಬೇಡಿ. ಮಕ್ಕಳೇ ಪಕ್ಕದವರ ಜೊತೆ ವಾದ ಮಾಡಲಿ, ಆಮೇಲೆ ಇನ್ನೊಮ್ಮೆ ಕಾರ್ಡು ಎತ್ತಿಸಿ.

ಜೀವಕ್ರಿಯೆಗಳ ಪಾಠ. ಅಂಗಳದ ಬೇವಿನ ಮರ ತೋರಿಸಿ ಕೇಳಿದೆ: ಈ ಮರದ ಒಣಕಟ್ಟಿಗೆಯ ತೂಕ ಹೆಚ್ಚಿನದು ಎಲ್ಲಿಂದ ಬಂತು? ಎ ಮಣ್ಣು, ಬಿ ನೀರು, ಸಿ ಗಾಳಿ, ಡಿ ಬಿಸಿಲು. 48 ಮಂದಿ ಹಾಜರು. ಸರಿ ಉತ್ತರ ಗಾಳಿ, ಅದರಲ್ಲಿರುವ ಇಂಗಾಲದ ಡೈಆಕ್ಸೈಡ್. ಗಾಳಿ ಅಂದವರು 15. ಮಣ್ಣು ಅಂದವರು 25ರ ಮೇಲೆ. ನಾನು ಏನೂ ಹೇಳದೆ "ಮಾತಾಡ್ರಿ" ಅಂದೆ. ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗ, ವರ್ಷದಲ್ಲಿ ಎರಡು ಸಲ ಬಾಯಿ ಬಿಟ್ಟಿದ್ದರೆ ಜಾಸ್ತಿ, ಎದ್ದು ನಿಂತ. "ಮಣ್ಣಿಂದ ಬಂದಿದ್ರ ಗಿಡದ ಬುಡದಾಗ ತಗ್ಗು ಬೀಳಬೇಕಿತ್ತಲ್ರಿ ಸರ್?" ಎಲ್ಲರೂ ಕಿಟಕಿಯಿಂದ ಬೇವಿನ ಬುಡ ನೋಡಿದರು. ತಗ್ಗು ಇರಲಿಲ್ಲ. ಎರಡನೇ ಸಲ ಗಾಳಿಗೆ 37 ಕಾರ್ಡು ಎದ್ದವು. ಆಮೇಲೆ ಹಳೇ ಕಾಲದ ವಿಜ್ಞಾನಿ ವಾನ್ ಹೆಲ್ಮಾಂಟ್ ಕತೆ ಹೇಳಿದೆ. ಐದು ವರ್ಷ ಕುಂಡದಲ್ಲಿ ವಿಲ್ಲೋ ಗಿಡ ಬೆಳೆಸಿದ, ಗಿಡ ಸುಮಾರು 74 ಕೆಜಿ ಹೆಚ್ಚಾಯಿತು, ಮಣ್ಣು ಕಳೆದುಕೊಂಡದ್ದು 60 ಗ್ರಾಮೂ ಇಲ್ಲ. ಅವನೂ ನೀರು ಅಂತ ತಪ್ಪು ತಿಳಿದಿದ್ದ ಅಂದಾಗ ಬಿ ಎತ್ತಿದ್ದವರ ಮುಖ ಅರಳಿತು.

ಇಂಥ ಪ್ರಶ್ನೆ ಕಟ್ಟೋದೇ ಇಡೀ ಕೆಲಸ. ಕಾರ್ಡು ಹತ್ತು ನಿಮಿಷದ್ದು, ಪ್ರಶ್ನೆಗೆ ಒಂದು ಸಂಜೆ ಬೇಕು. ತಪ್ಪು ಉತ್ತರಗಳನ್ನು ನಾನು ಎಲ್ಲಿಂದ ಆರಿಸುತ್ತೇನೆ ಅನ್ನೋದು ನನ್ನ ಗುಟ್ಟು. 140ರಷ್ಟು ಪ್ರಶ್ನೆ ಕೂಡಿಸಿದ್ದೇನೆ, ಅದರಲ್ಲಿ 60 ಪ್ರಶ್ನೆಗಳಾದರೂ ಚಿನ್ನ.

ಲಂಡನ್‌ನಲ್ಲಿ ನೋಡಿದ ಬೇರೆರಡನ್ನೂ ಮಾಡಿ ನೋಡಿದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ತರಿಸಿ, ನೆಟ್ ಇಲ್ಲದೆ ಪಾಠ ತೋರಿಸುವ ಕೋಲಿಬ್ರಿ, ಕನ್ನಡ ವಿಕಿಪೀಡಿಯ, ಕನ್ನಡದ ಫೆಟ್ ಸಿಮ್ಯುಲೇಷನ್ (ಪರದೆ ಮೇಲೆ ಮಾಡುವ ಪ್ರಯೋಗ) ತುಂಬಿದೆ. 9 ಸಾವಿರ ಆಯಿತು. ಒಂದು ಪೀರಿಯಡ್ಡಿನಲ್ಲಿ ಮೂರು ಸಲ ಕರೆಂಟ್ ಹೋಗಿ ಎರಡನೇ ವಾರಕ್ಕೆ ಮೆಮೊರಿ ಕಾರ್ಡ್ ಕೆಟ್ಟಿತು. ಈಗ ರೂಟರ್‌ಗೆ ಹಾಕುವ ಚಿಕ್ಕ ಯುಪಿಎಸ್ ಕೊಟ್ಟಿದ್ದೇನೆ, ನಡೆಯುತ್ತಿದೆ. ಮಕ್ಕಳು ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡು, ಮೈಕ್ರೋಬಿಟ್, ಮೂರು ಕೊಂಡೆ. ಎರಡು ಮೊಳೆ ಕಟ್ಟಿ ಹತ್ತಿ ಹೊಲದ ಎರಿ ಮಣ್ಣಿನ ತೇವ ಅಳೆದೆವು. ನಾಲ್ಕೇ ದಿನದಲ್ಲಿ ಮೊಳೆ ತುಕ್ಕು ಹಿಡಿದು ಅಂಕಿ ಅಡ್ಡಾದಿಡ್ಡಿ. ಓದುವ ಕ್ಷಣ ಮಾತ್ರ ಕರೆಂಟ್ ಕೊಟ್ಟರೆ ಮೊಳೆ ಉಳಿಯುತ್ತೆ ಅಂತ ಕಂಡುಕೊಂಡದ್ದು ನಾನಲ್ಲ, ಎಂಟನೇ ತರಗತಿಯ ಹುಡುಗಿ. ಮೈಕ್ರೋಬಿಟ್ ತೋರಿಸುವ ಉಷ್ಣತೆ ನಂಬಬೇಡಿ. ಅಳೆಯೋದು ಒಳಗಿನ ಚಿಪ್‌ನ ಬಿಸಿ, ಗಾಳಿಯದ್ದಲ್ಲ.

ಸೊಸೈಟಿ ಸಾಲ ಇನ್ನೂ 11 ಕಂತು ಬಾಕಿ ಇದೆ. "ಕಾಗದ ತಂದ್ರೇನ್ರಿ" ಅಂದಿದ್ದ ಗಣಿತದ ಮೇಷ್ಟ್ರು ಹೋದ ತಿಂಗಳು ಕಾರ್ಡಿನ ಕಟ್ಟು ಕೇಳಿದರು. ಕೊಡಲಿಲ್ಲ, ನಿಮ್ಮದೇ ಮಾಡಿಕೊಳ್ಳಿ ಅಂತ ಕೂರಿಸಿಕೊಂಡು ಅಂಟಿಸೋದು ಕಲಿಸಿದೆ. ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ಶಿಕ್ಷಕರು ಯಾವ ಶನಿವಾರ ಮಧ್ಯಾಹ್ನ ಬಂದರೂ ತೋರಿಸುತ್ತೇನೆ. ಬರುವಾಗ ಹೊಳಪಿಲ್ಲದ ಲಗ್ನಪತ್ರಿಕೆ ಅರವತ್ತಾದರೂ ತನ್ನಿ.