ಕರೆಗಂಟೆಯ ಮೇಲೆ ಅಪ್ಪನ ಹೆಸರು: ಟ್ಯೂರಿನ್‌ನಲ್ಲಿ ನನ್ನ ಮೊದಲ ಊರಹಬ್ಬ

ಟ್ಯೂರಿನ್‌ಗೆ ಬಂದು ಮೂರು ವಾರ ಕಳೆದಿದ್ದವು. ಜೂನ್ 24ರ ಬೆಳಿಗ್ಗೆ ವಾಸಸ್ಥಳದ ನೋಂದಣಿಗೆ ಬೇಕಾದ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಕೊಂಡು ನಗರಾಡಳಿತದ ಕಚೇರಿಗೆ ಹೋದರೆ ಬಾಗಿಲು ಮುಚ್ಚಿತ್ತು. ಇಟಲಿಯ ರಾಷ್ಟ್ರೀಯ ರಜೆಗಳ ಪಟ್ಟಿಯನ್ನು ಫೋನಿಗೆ ಹಾಕಿಕೊಂಡಿದ್ದೆ. ಅದರಲ್ಲಿ ಜೂನ್ 2ರ ಗಣರಾಜ್ಯ ದಿನವಿತ್ತು, 24 ಇರಲಿಲ್ಲ. ಇಲ್ಲಿ ಪ್ರತಿಯೊಂದು ಊರಿಗೂ ಒಬ್ಬ ಪಾಲಕ ಸಂತನಿರುತ್ತಾನೆ ಮತ್ತು ಅವನ ದಿನ ಆ ಊರಿಗಷ್ಟೇ ರಜೆ. ಟ್ಯೂರಿನ್, ಫ್ಲಾರೆನ್ಸ್, ಜಿನೋವಾಗಳಿಗೆ ಸ್ನಾನಿಕ ಯೋಹಾನನ ಜೂನ್ 24, ಮಿಲಾನಿಗೆ ಡಿಸೆಂಬರ್ 7, ನೇಪಲ್ಸಿಗೆ ಸೆಪ್ಟೆಂಬರ್ 19. ಕೈಲ್‌ಪೊಳ್ದಿಗೂ ಹುತ್ತರಿಗೂ ಕೊಡಗಿಗೆ ಮಾತ್ರ ರಜೆ ಸಿಗುವುದನ್ನು ಚಿಕ್ಕಂದಿನಿಂದ ಕಂಡ ಮಡಿಕೇರಿಯವಳಾದ ನನಗೆ ಇದು ಹೊಳೆಯಬೇಕಿತ್ತು.

ಅದಕ್ಕಿಂತ ನಾಚಿಕೆಯ ವಿಷಯವೆಂದರೆ, ಹಿಂದಿನ ರಾತ್ರಿ ಹಬ್ಬವನ್ನು ಕಣ್ಣಾರೆ ನೋಡಿ ಬಂದವಳೂ ನಾನೇ. 23ರ ಸಂಜೆ ಪಿಯಾತ್ಸಾ ಕಾಸ್ತೆಲ್ಲೊ ಎಂಬ ಚೌಕದಲ್ಲಿ 'ಫರೋ' ಎಂಬ ಎತ್ತರದ ಸೌದೆ ರಾಶಿಗೆ ಬೆಂಕಿ ಇಡುತ್ತಾರೆ. ಅದರ ತುದಿಯಲ್ಲಿ ಈ ನಗರದ ಲಾಂಛನವಾದ ಗೂಳಿಯ ಆಕೃತಿ ಇರುತ್ತದೆ; ಅದು ಪೋರ್ತಾ ನುವೊವಾ ರೈಲು ನಿಲ್ದಾಣದ ದಿಕ್ಕಿಗೆ ಬಿದ್ದರೆ ವರ್ಷ ಒಳ್ಳೆಯದೆಂದು ನಂಬಿಕೆ. ನಾನು ಕಂಡದ್ದು ಮುಂದಿದ್ದವರ ತಲೆಗಳನ್ನು, ಅವುಗಳ ಮೇಲಿನ ಕೆಂಪು ಬೆಳಕನ್ನು; ಗೂಳಿ ಯಾವ ಕಡೆ ಬಿತ್ತೆಂಬುದನ್ನು ಚಪ್ಪಾಳೆಯಿಂದ ಊಹಿಸಿಕೊಳ್ಳಬೇಕಾಯಿತು. ಕಾಮದಹನದ ಮರುದಿನ ಓಕುಳಿಯೆಂದು ತಿಳಿದವಳು, ಇಲ್ಲಿ ಮಾತ್ರ ಬೆಂಕಿ ಆರಿದೊಡನೆ ಹಬ್ಬ ಮುಗಿಯಿತೆಂದು ಭಾವಿಸಿ ಮಲಗಿದ್ದೆ.

ಕಚೇರಿಯಿಂದ ಹಿಂತಿರುಗುವಾಗ ದಾರಿಯಲ್ಲಿದ್ದ ತೊರೆತ್‌ನಲ್ಲಿ ಬಾಟಲಿ ತುಂಬಿಸಿಕೊಂಡೆ. ಗೂಳಿಯ ಬಾಯಿಂದ ಸದಾ ನೀರು ಸುರಿಯುವ ಈ ಹಸಿರು ಕಬ್ಬಿಣದ ನಲ್ಲಿಗಳು ನಗರದಲ್ಲಿ ಸುಮಾರು 800 ಇವೆ. ಜೂನ್ ಬಿಸಿಲಿನಲ್ಲಿ ಅವುಗಳ ಬೆಲೆ ತಿಳಿಯುತ್ತದೆ. ಮೆಟ್ಟಿಲಲ್ಲಿ ಎದುರಾದ ಕೆಳಮಹಡಿಯ ಅಜ್ಜಿ ನನ್ನ ಕೈಯಲ್ಲಿದ್ದ ಫೈಲನ್ನು ನೋಡಿ ನಕ್ಕು ಒಳಗೆ ಕರೆದರು. ತಟ್ಟೆಯಲ್ಲಿ ಫರಿನಾತಾ ಇತ್ತು: ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಅಷ್ಟೇ, ಬಿಸಿ ಒಲೆಯಲ್ಲಿ ಅಂಚು ಗರಿಗರಿಯಾಗುವಂತೆ ಬೇಯಿಸಿದ್ದು. ಜಿನೋವಾ ಕಡೆಯ ತಿಂಡಿಯಾದರೂ ಟ್ಯೂರಿನ್ ಅದನ್ನು ತನ್ನದಾಗಿಸಿಕೊಂಡಿದೆ. ಸಸ್ಯಾಹಾರಿಗಳು ಇದನ್ನು ನೆಚ್ಚಿಕೊಳ್ಳಬಹುದು. ಇಲ್ಲಿನವರು ಹೊಗಳುವ, ತರಕಾರಿ ಅದ್ದಿ ತಿನ್ನುವ ಬಿಸಿ ಗೊಜ್ಜಾದ ಬಾನ್ಯಾ ಕಾವ್ಡಾದಲ್ಲಿ ಮಾತ್ರ ಮೀನು ಕರಗಿರುತ್ತದೆ, ಕೇಳದೆ ತಿನ್ನಬಾರದು.

ತಿನ್ನುತ್ತಲೇ ಅಜ್ಜಿ ನನ್ನ ಕಾಗದಗಳನ್ನು ಓದಿದರು. ಬಂದ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯ ಮೂಲಕ ವಾಸದ ಪರವಾನಗಿಗೆ ಅರ್ಜಿ ಹಾಕಿದ್ದ ರಸೀದಿ ಇತ್ತು, ಬಾಡಿಗೆ ಕರಾರು ಇತ್ತು. ತೆರಿಗೆ ಸಂಕೇತವಾದ ಕೋದಿಚೆ ಫಿಸ್ಕಾಲೆಯೂ ಇತ್ತು. ಅದರ 16 ಅಕ್ಷರಗಳನ್ನು ನಾನು ಒಡೆದು ನೋಡಿದ್ದೆ: ಮನೆತನದ ಹೆಸರಿನಿಂದ ಮೂರು, ನನ್ನ ಹೆಸರಿನಿಂದ ಮೂರು, ಹುಟ್ಟಿದ ವರ್ಷ, ತಿಂಗಳಿಗೊಂದು ಅಕ್ಷರ, ಹೆಂಗಸರ ಜನ್ಮದಿನಕ್ಕೆ 40 ಸೇರಿಸುವುದರಿಂದ 12ರ ಬದಲು 52, ಭಾರತಕ್ಕೆ ಝಡ್222, ಕೊನೆಗೆ ತಾಳೆ ನೋಡುವ ಅಕ್ಷರ. ಮೊದಲ ಮೂರು ಅಕ್ಷರಗಳು ನಿಜವಾಗಿ ಅಪ್ಪನವು. ನಮ್ಮಲ್ಲಿ ಮನೆತನದ ಹೆಸರಿಲ್ಲದೆ, ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲನ್ನು ಬಿಡಿಸಿ ಆ ಕಾಲಮ್ಮಿಗೆ ಅಪ್ಪನ ಹೆಸರನ್ನೇ ತುಂಬಿದ್ದೆ.

ಎಲ್ಲವನ್ನೂ ನೋಡಿದ ಅಜ್ಜಿ, ಕೆಳಬಾಗಿಲ ಕರೆಗಂಟೆಯ ಫಲಕದಲ್ಲಿ ಹೆಸರಿದೆಯೇ ಎಂದು ಕೇಳಿದರು. ಇರಲಿಲ್ಲ. ನೋಂದಣಿಗೆ ಅರ್ಜಿ ಕೊಟ್ಟ ಮೇಲೆ 45 ದಿನಗಳೊಳಗೆ ನಗರ ಪೊಲೀಸರು ಮನೆಗೆ ಬಂದು ನಾವು ಅಲ್ಲಿರುವುದು ನಿಜವೇ ಎಂದು ನೋಡಬಹುದು. ಗಂಟೆಯ ಮೇಲೆ ಹೆಸರಿಲ್ಲದಿದ್ದರೆ ಹುಡುಕುವುದಾದರೂ ಹೇಗೆ? ಅಂಚೆಯೂ ಬರುವುದಿಲ್ಲ. ಇಷ್ಟು ಮುಖ್ಯವಾದ ಸಂಗತಿಯನ್ನು ಮನೆ ಕೊಡಿಸಿದ ಏಜೆನ್ಸಿಯವರು ಹೇಳಿರಲಿಲ್ಲ.

ರಜೆಯ ಮಧ್ಯಾಹ್ನ, ಅಂಗಡಿಗಳು ಮುಚ್ಚಿದ್ದವು. ಅಜ್ಜಿ ಕ್ಯಾಲೆಂಡರಿನ ಹಾಳೆಯಿಂದ ಬಿಳಿ ಅಂಚನ್ನು ಕತ್ತರಿಸಿ, ಪಾಸ್‌ಪೋರ್ಟ್ ನೋಡಿಕೊಂಡು ದೊಡ್ಡ ಅಕ್ಷರಗಳಲ್ಲಿ ಬರೆದು, ಫಲಕದ ಗಾಜಿನಡಿ ತೂರಿಸಿಕೊಟ್ಟರು. ಇಲ್ಲಿ ಗಂಟೆಯ ಮೇಲೆ ಮನೆತನದ ಹೆಸರೊಂದೇ ಸಾಕಂತೆ. ಹೀಗೆ, ಇಟಲಿಯನ್ನು ನೋಡದ ಅಪ್ಪನ ಹೆಸರು ಟ್ಯೂರಿನ್‌ನ ಒಂದು ಬಾಗಿಲಿಗೆ ಬಂತು. ಮರುದಿನ ಕಚೇರಿ ತೆರೆದಿತ್ತು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಗಂಟೆ ಬಾರಿಸಿತು. ಮನೆಯೊಳಗಿನ ಇಂಟರ್‌ಕಾಮ್ ಎತ್ತಿಕೊಂಡರೆ ನಗರ ಪೊಲೀಸಿನವನು ಆ ಚೀಟಿಯನ್ನು ಒಂದೊಂದೇ ಅಕ್ಷರವಾಗಿ ಓದುತ್ತಾ ಅಪ್ಪ ಮನೆಯಲ್ಲಿದ್ದಾರೆಯೇ ಎಂಬಂತೆ ಕೇಳುತ್ತಿದ್ದ.